ಅವ್ವನ ಡೆಕ್: ಕೊಂಡು 38 ವರ್ಷವಾದ ಮೇಲೆ ಬರೆದ ವಿಮರ್ಶೆ

ಟಿವಿಯಲ್ಲಿ ಬಂದದ್ದನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟು ಮತ್ತೆ ತೋರಿಸುವ ನಮ್ಮ ವಿಸಿಆರ್‌ನ ಮುಂಭಾಗದಲ್ಲಿ ಹಾರ್ಮೋನಿಯಂ ಮನೆಗಳ ಹಾಗೆ ಸಾಲಾಗಿ ಗುಂಡಿಗಳಿವೆ. ಎರಡರ ಮೇಲೆ ಕೆಂಪು ಸ್ಟಿಕ್ಕರ್, ಒಂದರ ಮೇಲೆ ಹಸಿರು ಸ್ಟಿಕ್ಕರ್. ಹೆಂಗಸರು ಹಣೆಗಿಡುತ್ತಾರಲ್ಲ, ಆ ಸ್ಟಿಕ್ಕರ್. ಅಂಟಿಸಿದ್ದು ನಮ್ಮವ್ವ, 1986ರಲ್ಲಿ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಎರಡು ಕೆಂಪು ಒಟ್ಟಿಗೆ ಅಮುಕಿದರೆ ರೆಕಾರ್ಡ್ ಆಗುತ್ತೆ. ಹಸಿರು ಅಮುಕಿದರೆ ನಿಂತು ಕಾಯುತ್ತೆ. ಇಷ್ಟು ಗೊತ್ತಾದ ಮೇಲೆ ಆ ಯಂತ್ರವನ್ನು ನಮ್ಮ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಬಳಸಿದವರು ಬೇರೆ ಯಾರೂ ಇಲ್ಲ.

ಹೋದ ಯುಗಾದಿಗೆ ಮಂಡ್ಯದ ಮನೆ ಖಾಲಿ ಮಾಡುವಾಗ ಅದು ಅಟ್ಟದಿಂದ ಇಳಿಯಿತು. ಅವ್ವನ ಹಳೇ ಸೀರೆಯಲ್ಲಿ ಸುತ್ತಿ, ಮೇಲೆ ಗೋಣಿಚೀಲ ಹೊದಿಸಿತ್ತು. ಪಕ್ಕದ ತಗಡಿನ ಟ್ರಂಕಿನಲ್ಲಿ 23 ಕ್ಯಾಸೆಟ್‌ಗಳು. ಗುಜರಿಯವನು ತೂಕಕ್ಕೆ ಹಾಕಲು ಆಗಲೇ ಕೈ ಚಾಚಿದ್ದ. ನಾನು ಕೊಡಲಿಲ್ಲ. ಮೈಸೂರಿಗೆ, ಕುವೆಂಪುನಗರದ ನಮ್ಮ ಮನೆಗೆ ತಂದೆ. ರಿಪೇರಿ ಮಾಡಿಸಿದೆ. ಐದು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಓಡಿಸುತ್ತಿದ್ದೇನೆ.

ಇದು ಆ ಯಂತ್ರದ ವಿಮರ್ಶೆ. ಅಟ್ಟದ ಮೇಲೆ ಇಂಥದ್ದೊಂದು ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದೆ ಇರುವವರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತಲೂ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಜಪಾನಿನದು, ವಿಎಚ್‌ಎಸ್ ಅನ್ನುವ ಕ್ಯಾಸೆಟ್ ಮಾದರಿಯದು, ಕ್ಯಾಸೆಟ್ಟನ್ನು ಮೇಲಿನಿಂದ ಹಾಕುವಂಥದ್ದು. ನಾನು ಹೇಳುವ ಗುಣ, ದೋಷ ಎರಡೂ ಆ ಕಾಲದ ಹೆಚ್ಚಿನ ಡೆಕ್‌ಗಳಿಗೆ ಹೊಂದುತ್ತವೆ. ನಮ್ಮ ಕಡೆ ಅದನ್ನು ವಿಸಿಆರ್ ಎಂದು ಯಾರೂ ಕರೆಯುತ್ತಿರಲಿಲ್ಲ. ಡೆಕ್ ಅಂದರೆ ಡೆಕ್, ಅಷ್ಟೇ.

ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಬ್ಬು ಅರೆಯುವ ಕಾಲದಲ್ಲಿ ಪಾಳಿ ತಪ್ಪಿಸುವ ಹಾಗಿಲ್ಲ. ಭಾನುವಾರ ಅನ್ನುವುದೂ ಇಲ್ಲ. ಊರೆಲ್ಲ ಟಿವಿ ಮುಂದೆ ಕೂತಾಗ ಅವರು ಗಾಣದ ಮುಂದೆ ಇರುತ್ತಿದ್ದರು. ಮನೆಗೆ ಬಂದ ಮೇಲೆ ನಾವು ಕಥೆ ಹೇಳಬೇಕಿತ್ತು. ನಾನು ಒಂದು ಹೇಳಿದರೆ ತಮ್ಮ ಇನ್ನೊಂದು ಹೇಳುವನು. ಅಪ್ಪ ಇಬ್ಬರ ಮಾತನ್ನೂ ಕೇಳಿ, ಕೊನೆಗೆ ಅವ್ವನ ಮುಖ ನೋಡುತ್ತಿದ್ದರು, ನಿಜ ಯಾವುದು ಅಂತ.

ಅವರ ಜೊತೆ ಕೆಲಸ ಮಾಡುತ್ತಿದ್ದವರ ಭಾಮೈದ ದುಬೈನಿಂದ ಒಂದು ಡೆಕ್ ತಂದಿದ್ದರು. ಎರಡು ವರ್ಷ ಬಳಸಿ, ಬೆಂಗಳೂರಿನಲ್ಲಿ ಮಾರಲು ಇಟ್ಟಿದ್ದರು. ಅಪ್ಪ ಚೀಟಿ ಎತ್ತಿ, 7,000 ರೂಪಾಯಿ ಕೊಟ್ಟು ತೆಗೆದುಕೊಂಡರು. ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. 13 ಕಿಲೋ ತೂಕ. ಮಂಡ್ಯ ಸ್ಟೇಷನ್ನಿನಲ್ಲಿ ಇಳಿದಾಗ ಕಾಲು ಜೋಮು ಹಿಡಿದು ಐದು ನಿಮಿಷ ಕಲ್ಲುಬೆಂಚಿನ ಮೇಲೆ ಕೂತಿದ್ದರಂತೆ.

ಬೀದಿಯವರೆಲ್ಲ ನಾವು ವಿಡಿಯೋ ಹಾಕಿ ದುಡ್ಡು ಮಾಡಲು ತಂದಿದ್ದೇವೆ ಅಂದುಕೊಂಡರು. ಆಗ ಅದೇ ರೂಢಿ. ಗಣೇಶನ ಹಬ್ಬ, ನಾಮಕರಣ, ಊರಹಬ್ಬ, ಏನೇ ಇರಲಿ, ಆಟೋದಲ್ಲಿ ಒಂದು ಕಲರ್ ಟಿವಿ, ಒಂದು ಡೆಕ್, ಮೂರು ಕ್ಯಾಸೆಟ್ ಬಾಡಿಗೆಗೆ ಬರುತ್ತಿದ್ದವು. ಬೀದಿಯಲ್ಲಿ ಚಾಪೆ ಹಾಸಿ ಬೆಳಗಿನ ಜಾವದವರೆಗೆ ಮೂರು ಪಿಕ್ಚರ್ ನೋಡುತ್ತಿದ್ದೆವು. ಹಾಗೆ ಬರುತ್ತಿದ್ದವು ಜಾಸ್ತಿ ವಿಸಿಪಿಗಳು. ಅವು ಬರೀ ತೋರಿಸುತ್ತವೆ, ಹಿಡಿದಿಡುವುದಿಲ್ಲ. ವಿಸಿಪಿ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತಿತ್ತು. ಆದರೂ ಅಪ್ಪನಿಗೆ ರೆಕಾರ್ಡ್ ಮಾಡುವ ಡೆಕ್ಕೇ ಬೇಕಿತ್ತು. ಕೆಂಪು ಗುಂಡಿ ಇಲ್ಲದಿದ್ದರೆ ಅವರಿಗೆ ಅದರಿಂದ ಏನೂ ಪ್ರಯೋಜನ ಇರಲಿಲ್ಲ.

ದುಬೈನಿಂದ ತಂದದ್ದು ನಮ್ಮ ಅದೃಷ್ಟ. ಅಲ್ಲಿಯೂ ಇಲ್ಲಿಯ ಹಾಗೆ ಪಾಲ್ ಅನ್ನುವ ಪದ್ಧತಿಯ ಟಿವಿ ಪ್ರಸಾರ. ಅಮೆರಿಕದಿಂದಲೋ ಜಪಾನಿನಿಂದಲೋ ಅಲ್ಲಿಯ ಬಳಕೆಯ ಡೆಕ್ ತಂದವರ ಪಾಡು ಬೇರೆ. ಅಲ್ಲಿ ಎನ್‌ಟಿಎಸ್‌ಸಿ ಅನ್ನುವ ಇನ್ನೊಂದು ಪದ್ಧತಿ, ಕರೆಂಟಿನ ವೋಲ್ಟೇಜೂ ಬೇರೆ. ಈಗಲೂ ಯಾರಾದರೂ ಹಳೆಯ ಡೆಕ್ ಕೊಳ್ಳುವುದಾದರೆ ಮೊದಲು ಬೆನ್ನು ತಿರುಗಿಸಿ ಈ ಎರಡು ವಿಷಯ ನೋಡಿ. 220 ವೋಲ್ಟ್ ಮತ್ತು ಪಾಲ್ ಅಂತ ಇದ್ದರೆ ಮಾತ್ರ ಮುಂದಿನ ಮಾತು.

ರೆಕಾರ್ಡಿಂಗ್ ಹೇಗಿತ್ತು ಎಂದು ಹೇಳಬೇಕಾದರೆ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಡೆಕ್ಕನ್ನು ಒಂದು ಶನಿವಾರ ಶಾಲೆಗೂ ಒಯ್ದಿದ್ದೆ. ಮುಚ್ಚಳ ತೆಗೆದು ತೋರಿಸಿದಾಗ ಮಕ್ಕಳು ಉಸಿರು ಬಿಗಿ ಹಿಡಿದು ನೋಡಿದರು. ಕ್ಯಾಸೆಟ್ ಕೆಳಗಿಳಿದ ಮೇಲೆ ಎರಡು ಪುಟ್ಟ ಕಂಬಗಳು ಟೇಪನ್ನು ಹೊರಗೆಳೆದು, ಮಿರಮಿರ ಹೊಳೆಯುವ ಒಂದು ಡ್ರಮ್ಮಿಗೆ ಸುತ್ತುತ್ತವೆ. ಟೇಪು ಅರ್ಧ ಇಂಚು ಅಗಲ. ಅದು ಹರಿಯುವುದು ಬಹಳ ನಿಧಾನ, ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಆದರೆ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಅದನ್ನು ಸ್ವಲ್ಪ ವಾಲಿಸಿ ಕೂರಿಸಿರುತ್ತಾರೆ. ಹಾಗಾಗಿ ಅದರ ಮೈಮೇಲಿರುವ, ಚಿತ್ರವನ್ನು ಬರೆಯುವ ಮತ್ತು ಓದುವ ಹೆಡ್ಡುಗಳು ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುತ್ತಾ ಹೋಗುತ್ತವೆ. ಸೆಕೆಂಡಿಗೆ 50 ಗೆರೆ. ಚಿತ್ರ ಇರುವುದು ಆ ಗೆರೆಗಳಲ್ಲಿ. ನೇರವಾಗಿ ಬರೆದಿದ್ದರೆ ಸೆಕೆಂಡಿಗೆ ಎಷ್ಟೋ ಮೀಟರ್ ಟೇಪು ಬೇಕಾಗುತ್ತಿತ್ತು. ಓರೆಯಾಗಿ ಬರೆದದ್ದರಿಂದ ಮೂರು ಗಂಟೆಯ ಚಿತ್ರ ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬಿಯಲ್ಲಿ ಕೂತಿತು. ಜಪಾನಿನಲ್ಲಿ ವಿಎಚ್‌ಎಸ್ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಬಂದ ಬೀಟಾಮ್ಯಾಕ್ಸ್ ಅನ್ನುವ ಇನ್ನೊಂದು ಮಾದರಿಯಲ್ಲಿ ಮೊದಮೊದಲು ಒಂದು ಗಂಟೆ ಮಾತ್ರ ಹಿಡಿಯುತ್ತಿತ್ತು.

ಈ ಓರೆ ಗೆರೆಗಳನ್ನು ಓದುವಾಗ ಹೆಡ್ಡು ಸರಿಯಾಗಿ ಅವುಗಳ ಮೇಲೇ ಹಾಯಬೇಕು. ಚೂರು ಆಚೀಚೆ ಆದರೆ ಪರದೆಯ ಕೆಳಗೋ ಮೇಲೋ ಬಿಳಿ ಪಟ್ಟಿ ಕಾಣುತ್ತದೆ. ನಾವು ಅದಕ್ಕೆ 'ಮಳೆ ಬರ್ತಿದೆ' ಅನ್ನುತ್ತಿದ್ದೆವು. ಸರಿ ಮಾಡಲು ಟ್ರ್ಯಾಕಿಂಗ್ ಅನ್ನುವ ತಿರುಗಣೆ ಇದೆ. ಬೇರೆ ಡೆಕ್ಕಿನಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ತಂದರೆ ಅದನ್ನು ತಿರುಗಿಸಲೇಬೇಕಿತ್ತು. ನಮ್ಮ ಡೆಕ್ಕಿನಲ್ಲೇ ಹಿಡಿದದ್ದಕ್ಕೆ ಬೇಕಾಗಿರಲಿಲ್ಲ. ಈಗಲೂ ಬೇಕಿಲ್ಲ. 1987ರ ಟೇಪು ಹಾಕಿದೆ, ಮಳೆ ಇಲ್ಲದೆ ಬಂತು. ತಾನು ಬರೆದದ್ದನ್ನು ತಾನು ಓದುವುದರಲ್ಲಿ ಈ ಯಂತ್ರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ದೂರದರ್ಶನದಲ್ಲಿ ರಾಮಾಯಣ ಶುರುವಾದದ್ದು 1987ರ ಜನವರಿ 25ರಂದು. ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಅಪ್ಪನಿಗೆ ಆರರಿಂದ ಎರಡರವರೆಗೆ ಮೊದಲ ಪಾಳಿ. ಅವ್ವ ಒಂಬತ್ತಕ್ಕೇ ಸ್ನಾನ ಮಾಡಿ, ದೀಪ ಹಚ್ಚಿ, ಡೆಕ್ಕಿನ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಧಾರಾವಾಹಿಗೆ ಮುಂಚೆ ಜಾಹೀರಾತುಗಳ ದೊಡ್ಡ ಸಾಲು. ಅವ್ವ ಕೆಂಪು ಎರಡು ಅಮುಕಿ, ತಕ್ಷಣ ಹಸಿರು ಅಮುಕಿ ಕಾಯುವಳು. ಜಾಹೀರಾತು ಮುಗಿದ ಗಳಿಗೆಗೆ ಹಸಿರನ್ನು ಬಿಡುವಳು. ಮಧ್ಯದಲ್ಲಿ 'ಅಡಚಣೆಗಾಗಿ ವಿಷಾದಿಸುತ್ತೇವೆ' ಅಂತ ಫಲಕ ಬಂದರೆ ಮತ್ತೆ ಹಸಿರು. ನಮ್ಮ ಡೆಕ್ಕಿನಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ಹಾಗೆ ನಿಲ್ಲಿಸಿದರೆ ತಾನಾಗಿಯೇ ಬಂದ್ ಆಗುತ್ತಿತ್ತು. ಒಂದೇ ಕಡೆ ಹೆಡ್ಡು ಉಜ್ಜಿ ಉಜ್ಜಿ ಟೇಪು ಸವೆಯದಿರಲಿ ಅಂತ ಆ ಏರ್ಪಾಟು. ಅವ್ವ ಗಡಿಯಾರ ನೋಡುತ್ತಿರಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದಳು.

ಇಷ್ಟು ಕಷ್ಟ ಯಾಕೆ ಅಂದರೆ ಖಾಲಿ ಕ್ಯಾಸೆಟ್ ಬೆಲೆ. ಮೂರು ಗಂಟೆಯ ಇ-180 ಕ್ಯಾಸೆಟ್ಟಿಗೆ ಆಗ 150 ರೂಪಾಯಿ ಕೊಟ್ಟ ನೆನಪು. ಜಾಹೀರಾತು ತೆಗೆದರೆ ಒಂದು ಟೇಪಿಗೆ ಐದು ಕಂತು ಹಿಡಿಯುತ್ತಿತ್ತು. ತೆಗೆಯದಿದ್ದರೆ ನಾಲ್ಕೇ. ಒಂದು ಕಂತು ಉಳಿಸುವುದು ಅಂದರೆ ಮನೆಗೆ 30 ರೂಪಾಯಿ ಉಳಿಸಿದ ಹಾಗೆ. ಅವ್ವ ಆ ಲೆಕ್ಕವನ್ನು ಒಂದು ವಾರವೂ ಬಿಟ್ಟವಳಲ್ಲ.

ಎರಡೂವರೆಗೆ ಅಪ್ಪ ಬರುತ್ತಿದ್ದರು. ಸ್ನಾನ, ಮುದ್ದೆ, ಉಪ್ಸಾರು. ಆಮೇಲೆ ಡೆಕ್. ಅವರೊಬ್ಬರೇ ಅಲ್ಲ. ಅದೇ ಪಾಳಿ ಮುಗಿಸಿದ ಏಳೆಂಟು ಜನ ಸೈಕಲ್ ನಿಲ್ಲಿಸಿ ಒಳಗೆ ಬರುತ್ತಿದ್ದರು. ಬೆಳಗಿನದು ಮೊದಲನೇ ಆಟ, ನಮ್ಮ ಮನೆಯದು ಮ್ಯಾಟಿನಿ ಅಂತ ಬೀದಿಯಲ್ಲಿ ಹೆಸರಾಯಿತು. ಬೆವರು, ಬೆಲ್ಲದ ಪಾಕದಂಥ ಕಾರ್ಖಾನೆ ವಾಸನೆ, ಅವರ ಮೈಯಿಂದ ಹಜಾರದ ತುಂಬ ಹರಡುತ್ತಿತ್ತು. ಅವರು ನೋಡುವಾಗ ಅವ್ವ ಕೂರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ತಾನು ಹಿಡಿದದ್ದು ಸರಿಯಾಗಿ ಬಂತೋ ಇಲ್ಲವೋ ಅಂತ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಇನ್ನು ದೋಷಗಳು. ಟೈಮರ್‌ಗೆ ನಾನು ಪಾಸ್ ಅಂಕವನ್ನೂ ಕೊಡಲಾರೆ. ಇಂಥ ಹೊತ್ತಿಗೆ ಶುರುವಾಗು, ಇಂಥ ಹೊತ್ತಿಗೆ ನಿಲ್ಲು ಅಂತ ಹೊಂದಿಸಿಡಬಹುದು ಎಂದು ಪುಸ್ತಕದಲ್ಲಿತ್ತು. ನಾನು, ಅಪ್ಪ ಇಬ್ಬರೂ ಸೇರಿ ನಾಲ್ಕು ಸಲ ಹೊಂದಿಸಿದೆವು. ಕರೆಂಟ್ ಒಂದು ನಿಮಿಷ ಹೋದರೆ ಗಡಿಯಾರ ಸೊನ್ನೆಗೆ ಬಂದು ಮಿಣಕು ಮಿಣಕು ಅನ್ನುತ್ತಿತ್ತು, ಹೊಂದಿಸಿದ್ದೆಲ್ಲ ಮರೆತುಹೋಗುತ್ತಿತ್ತು. ಮಂಡ್ಯದಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗದ ದಿನವೇ ಇರಲಿಲ್ಲ. ರೆಕಾರ್ಡ್ ಆಗುವಾಗಲೇ ಹೋದರೆ ಇನ್ನೂ ಕಷ್ಟ. ಟೇಪು ಡ್ರಮ್ಮಿಗೆ ಸುತ್ತಿಕೊಂಡೇ ನಿಂತುಬಿಡುತ್ತಿತ್ತು. ಕರೆಂಟ್ ಬರುವವರೆಗೆ ಯಾರೂ ಮುಟ್ಟಬಾರದು ಎಂದು ಅವ್ವ ಡೆಕ್ಕಿನ ಮೇಲೆ ಒಂದು ತುಂಬಿದ ಚೊಂಬು ಇಡುತ್ತಿದ್ದಳು. ನೀರಿನದಲ್ಲ, ಅಕ್ಕಿಯದು.

ಹೆಡ್ಡು ಕೊಳೆ ಆಗುವುದು ಇನ್ನೊಂದು ತೊಂದರೆ. ಬಾಡಿಗೆ ಕ್ಯಾಸೆಟ್ ಹಾಕಿದರೆ ಗ್ಯಾರಂಟಿ. ಹತ್ತು ಮನೆ ತಿರುಗಿ ಬಂದ ಟೇಪಿನ ಧೂಳೆಲ್ಲ ನಮ್ಮ ಹೆಡ್ಡಿಗೆ ಮೆತ್ತುತ್ತಿತ್ತು. ಆಗ ಊರಿನಲ್ಲಿ ಒಂದು ಅಭ್ಯಾಸ ಇತ್ತು. ಗರಿಗರಿ ಹೊಸ ನೋಟನ್ನು ಡ್ರಮ್ಮಿಗೆ ಹಿಡಿದು ಉಜ್ಜುವುದು. ನಮ್ಮ ಮನೆಗೆ ಬಂದ ಒಬ್ಬ ರಿಪೇರಿಯವನು ಹಾಗೆ ಮಾಡಿ ಒಂದು ಹೆಡ್ಡು ಮುರಿದ. ಹೊಸ ಡ್ರಮ್ಮಿಗೆ ಅಪ್ಪ ಒಂದು ತಿಂಗಳ ಸಂಬಳ ಇಟ್ಟರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನುಣುಪಾದ ಚರ್ಮದ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಅದನ್ನು ಡ್ರಮ್ಮಿಗೆ ಮೆತ್ತಗೆ ಒತ್ತಿ ಹಿಡಿಯಬೇಕು. ಕೈ ಆಡಿಸಬಾರದು. ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಬೇಕು. ಮೇಲಿಂದ ಕೆಳಗೆ ಉಜ್ಜಿದರೆ ಹೆಡ್ಡು ಹೋದಂತೆಯೇ. ಅದು ಕೂದಲೆಳೆಯಂಥ ಸೂಕ್ಷ್ಮ.

ಮೂರನೆಯ ದೋಷ ಯಂತ್ರದ್ದೋ ನಮ್ಮದೋ ಹೇಳಲಾರೆ. ಒಂದರ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡಿದರೆ ಕೆಳಗಿನದು ಹೋಯಿತು, ಮತ್ತೆ ಬರುವುದಿಲ್ಲ. 1987ರ ನವೆಂಬರ್ 5. ರಿಲಯನ್ಸ್ ಕಪ್, ಅಂದರೆ ಆ ವರ್ಷದ ಕ್ರಿಕೆಟ್ ವಿಶ್ವಕಪ್ಪಿನ ಸೆಮಿಫೈನಲ್, ಮುಂಬೈನಲ್ಲಿ ಭಾರತ ಮತ್ತು ಇಂಗ್ಲೆಂಡ್. ತಮ್ಮ ಶಾಲೆಗೆ ಚಕ್ಕರ್ ಹಾಕಿ ಮನೆಯಲ್ಲಿದ್ದ. ಅವ್ವ ಕೆರೆ ಕಡೆ ಹೋಗಿದ್ದಳು. ಕೈಗೆ ಸಿಕ್ಕಿದ ಕ್ಯಾಸೆಟ್ ಹಾಕಿ ಎರಡು ಕೆಂಪು ಅಮುಕಿದ. ಅದರಲ್ಲಿ ನಾಲ್ಕು ಭಾನುವಾರದ ಕಂತುಗಳಿದ್ದವು. ಭಾರತ 35 ರನ್ನಿನಿಂದ ಸೋತಿತು. ಸಂಜೆ ಅವ್ವ ಟೇಪು ಹಾಕಿ ನೋಡಿದಳು. ಗ್ರಹಾಂ ಗೂಚ್ ಬಗ್ಗಿ ಬಗ್ಗಿ ಸ್ವೀಪ್ ಹೊಡೆಯುತ್ತಿದ್ದರು. ಅವ್ವ ತಮ್ಮನಿಗೆ ಒಂದು ಮಾತೂ ಬೈಯಲಿಲ್ಲ. ಒಳಗೆ ಹೋದಳು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ತಮ್ಮನೂ ಮಾಡಲಿಲ್ಲ.

ಮಾರನೇ ದಿನ ಅಪ್ಪ ತೋರಿಸಿಕೊಟ್ಟರು. ಕ್ಯಾಸೆಟ್ಟಿನ ಬೆನ್ನ ಮೂಲೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ರೆಕಾರ್ಡ್ ಗುಂಡಿ ಕೆಳಗೆ ಇಳಿಯುವುದೇ ಇಲ್ಲ. ಮತ್ತೆ ರೆಕಾರ್ಡ್ ಮಾಡಬೇಕೆಂದರೆ ಆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿದರಾಯಿತು. ಎಷ್ಟು ಸರಳ, ಎಷ್ಟು ಭದ್ರ ಅಲ್ವಾ? ಅವತ್ತಿನಿಂದ ಅವ್ವ ಪ್ರತಿ ಟೇಪು ತುಂಬಿದ ಕೂಡಲೇ ಈಳಿಗೆ ಮಣೆಯ ತುದಿಗೆ ಒತ್ತಿ ಆ ಹಲ್ಲು ಮುರಿಯುತ್ತಿದ್ದಳು. ಈಗ ಟ್ರಂಕಿನಲ್ಲಿರುವ 23ರಲ್ಲಿ 21ಕ್ಕೆ ಹಲ್ಲಿಲ್ಲ. ಹಲ್ಲಿರುವ ಎರಡರಲ್ಲಿ ಒಂದು ಆ ಕ್ರಿಕೆಟ್ಟಿನದು.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ. ಈ ಯಂತ್ರಕ್ಕೆ ನಾನು ಯಾಕೆ ಇಷ್ಟು ಋಣಿ ಅನ್ನುವುದು ಇಲ್ಲಿದೆ.

ನಮ್ಮದು ಕಪ್ಪು-ಬಿಳುಪು ಟಿವಿ. ಡಯನೋರಾ, ಮುಂದೆ ಎಳೆಯುವ ಮರದ ಬಾಗಿಲಿನದು. ಡೆಕ್ ತಂದ ಮೇಲೂ ನಾಲ್ಕು ವರ್ಷ ಅದೇ ಇತ್ತು. ದೂರದರ್ಶನ 1982ರಿಂದಲೇ ಕಲರ್‌ನಲ್ಲಿ ಬರುತ್ತಿತ್ತು, ಆದರೆ ನಮ್ಮ ಮನೆಯಲ್ಲಿ ರಾಮನೂ ಬೂದಿ ಬಣ್ಣ, ರಾವಣನೂ ಬೂದಿ ಬಣ್ಣ. ನಾವು ನೋಡಿದ್ದು ಹಾಗೆ. ಹಾಗಾಗಿ ಟೇಪಿನಲ್ಲಿರುವುದೂ ಹಾಗೇ ಅಂದುಕೊಂಡಿದ್ದೆವು.

1990ರ ದೀಪಾವಳಿಗೆ ಅಪ್ಪ ಕಲರ್ ಟಿವಿ ತಂದರು. ವೈರು ಜೋಡಿಸಿ, ಸುಮ್ನೆ ನೋಡೋಣ ಎಂದು ಒಂದು ಹಳೆಯ ಕ್ಯಾಸೆಟ್ ಹಾಕಿದರು. 1987ರದು. ಪರದೆಯ ಮೇಲೆ ಕಾವಿ ಬಂತು. ಹಸಿರು ಬಂತು. ಹಳದಿ ಪೀತಾಂಬರ ಬಂತು. ಅಪ್ಪನೂ ಗಾಬರಿಯಾಗಿ ಟಿವಿಯನ್ನೇ ನೋಡಿದರು. ಅವ್ವ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

"ಇದೆಲ್ಲ ಒಳಗೇ ಇತ್ತಾ?" ಅಂದಳು.

ಇತ್ತು. ಡೆಕ್ಕಿಗೆ ತನ್ನದೇ ಟ್ಯೂನರ್ ಇದೆ. ಆಂಟೆನಾದಿಂದ ಬಂದದ್ದನ್ನು ಅದು ನೇರವಾಗಿ ಹಿಡಿದುಕೊಳ್ಳುತ್ತದೆ. ಟಿವಿ ಆಫ್ ಆಗಿದ್ದರೂ ಹಿಡಿಯುತ್ತದೆ. ಟಿವಿಗೆ ಬಣ್ಣ ತೋರಿಸಲು ಬರುತ್ತದೋ ಇಲ್ಲವೋ ಎನ್ನುವುದು ಅದಕ್ಕೆ ಸಂಬಂಧವೇ ಇಲ್ಲ. ಅಪ್ಪ ಇದನ್ನು ಒಂದು ಮಾತಿನಲ್ಲಿ ಹೇಳಿದರು. "ಟೇಪಿಗೆ ಗೊತ್ತಿತ್ತು, ನಮ್ ಟಿವಿಗೆ ಗೊತ್ತಿರಲಿಲ್ಲ ಕಣೇ."

ಅವತ್ತು ಮಧ್ಯಾಹ್ನ ಅಪ್ಪ ಚಿಕ್ಕಪ್ಪನ ಮದುವೆಯ ಕ್ಯಾಸೆಟ್ ಹಾಕಿದರು. ಮದುವೆ ಆದದ್ದು 1988ರಲ್ಲಿ. ಕಣ್ಣು ಕುಕ್ಕುವ ದೀಪ ಹಿಡಿದುಕೊಂಡು, ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡು ಬಂದಿದ್ದ ವಿಡಿಯೋದವರು ತೆಗೆದದ್ದು. ಅದರ ನಕಲನ್ನು ನಾವು ಹತ್ತಾರು ಸಲ ಬೂದಿ ಬಣ್ಣದಲ್ಲಿ ನೋಡಿದ್ದೆವು. ಧಾರೆಯ ಹೊತ್ತಿಗೆ ಕ್ಯಾಮೆರಾ ಒಂದು ಸುತ್ತು ಬರುತ್ತದೆ. ಕಂಬದ ಪಕ್ಕ ಅಜ್ಜಿ ಕೂತಿದ್ದಾರೆ, ಅಪ್ಪನ ತಾಯಿ. ಅಜ್ಜಿ ತೀರಿಕೊಂಡದ್ದು 1989ರಲ್ಲಿ. ಬೂದಿ ಬಣ್ಣದಲ್ಲಿ ಅವರ ಬಾಯಿ ಒಂದು ಕಪ್ಪು ಗೆರೆಯ ಹಾಗೆ ಕಾಣುತ್ತಿತ್ತು. ಆವತ್ತು ಅದು ಕೆಂಪಾಗಿತ್ತು. ಎಲೆಅಡಿಕೆಯ ಕೆಂಪು. ತುಟಿಯ ಅಂಚಿನಿಂದ ಚೂರು ಇಳಿದಿತ್ತು. ಅಜ್ಜಿ ಅದನ್ನು ಸೆರಗಿನ ತುದಿಯಿಂದ ಒರೆಸಿಕೊಂಡರು. ಬದುಕಿದ್ದಾಗ ಹೇಗೆ ಒರೆಸಿಕೊಳ್ಳುತ್ತಿದ್ದರೋ ಹಾಗೇ.

ಅಪ್ಪ ಎದ್ದು ನಿಂತರು. ಕ್ಯಾಮೆರಾ ಮುಂದಕ್ಕೆ ಹೋಯಿತು. ಅಪ್ಪ ಹಿಂದಕ್ಕೆ ತಿರುಗಿಸಿದರು. ಮತ್ತೆ ನೋಡಿದರು. ಆ ದಿನ ಎಷ್ಟು ಸಲ ಹಿಂದಕ್ಕೆ ತಿರುಗಿಸಿದರೋ ನಾನು ಎಣಿಸಲಿಲ್ಲ. ಈಗ ಆ ಟೇಪಿನಲ್ಲಿ ಆ ಜಾಗದಲ್ಲಿ ಮಾತ್ರ ಗೀರುಗಳು ಜಾಸ್ತಿ ಇವೆ. ಅದು ಸವೆದದ್ದು ನಮ್ಮ ಮನೆಯಲ್ಲೇ, ಅಪ್ಪನ ಕೈಯಲ್ಲೇ.

ಕೇಬಲ್ ಬಂದ ಮೇಲೆ ರೆಕಾರ್ಡ್ ಮಾಡುವ ಆಸೆ ಕಡಿಮೆ ಆಯಿತು. ಆಮೇಲೆ ವಿಸಿಡಿ ಬಂತು. 1998ರಲ್ಲೋ ಏನೋ ಡೆಕ್ಕು ಅಟ್ಟ ಏರಿತು. ಅಪ್ಪ 2009ರಲ್ಲಿ ಹೋದರು. ಲೋಕದಲ್ಲಿ ಕೊನೆಯ ತನಕ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಅಂದರೆ ಈಗ ಹೊಸದು ಎಲ್ಲೂ ತಯಾರಾಗುವುದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳುವುದು ಹೇಗೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ವರ್ಷಗಟ್ಟಲೆ ಮಲಗಿದ್ದ ಡೆಕ್ಕನ್ನು ಇಳಿಸಿದ ಕೂಡಲೇ ಕರೆಂಟಿಗೆ ಹಾಕಬೇಡಿ. ಒಳ್ಳೆಯ ಕ್ಯಾಸೆಟ್ಟನ್ನಂತೂ ಹಾಕಲೇಬೇಡಿ. ನಾನು ಅಶೋಕ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಹಿರಿಯರ ಹತ್ತಿರ ಒಯ್ದೆ. ಅವರು ಮುಚ್ಚಳ ತೆಗೆದು ಹತ್ತು ನಿಮಿಷ ಬರೀ ನೋಡಿದರು. ರಬ್ಬರ್ ಬೆಲ್ಟುಗಳು ಒಂದು ಸಡಿಲ, ಒಂದು ಅಂಟಂಟು. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ ಕಲ್ಲಿನ ಹಾಗೆ ಗಟ್ಟಿ. ಗ್ರೀಸು ಒಣಗಿ ಮೇಣವಾಗಿತ್ತು. ಪವರ್ ಸಪ್ಲೈನ ಎರಡು ಕೆಪಾಸಿಟರ್ ಉಬ್ಬಿದ್ದವು. ಡ್ರಮ್ಮು ಮಾತ್ರ ಚೆನ್ನಾಗಿತ್ತು, ಅದೂ ಅಪ್ಪ ಒಂದು ತಿಂಗಳ ಸಂಬಳ ಇಟ್ಟು ಹಾಕಿಸಿದ ಡ್ರಮ್ಮು. ಬೆಲ್ಟು ಹೊಂದಿಸಲು ಹದಿನೈದು ದಿನ ತೆಗೆದುಕೊಂಡರು. ಒಟ್ಟು 2,200 ರೂಪಾಯಿ ಆಯಿತು. ಅವರ ಕೆಲಸಕ್ಕೆ ಅದು ಕಡಿಮೆ ಅಂತಲೇ ನನ್ನ ಅಭಿಪ್ರಾಯ.

ವಾಪಸ್ ತರಲು ಹೋದಾಗ ಅವ್ವನೂ ಬಂದಿದ್ದಳು. ಗುಂಡಿಗಳ ಸಂದಿಯಿಂದ ಕೆರೆದು ತೆಗೆದ ಪುಡಿಯನ್ನು ಅವರು ಒಂದು ಕಾಗದದಲ್ಲಿ ಇಟ್ಟಿದ್ದರು. "ಇದೇನು ಅಂತ ಗೊತ್ತಾಗ್ಲಿಲ್ಲ ಮೇಡಂ. ತುಕ್ಕಲ್ಲ" ಅಂದರು. ಅವ್ವ ಬೆರಳಲ್ಲಿ ಮುಟ್ಟಿ, ಮೂಸಿ, "ರಾಗಿ ಹಿಟ್ಟು" ಅಂದಳು. ಸ್ಟಿಕ್ಕರ್‌ಗಳನ್ನು ಅವರು ತೆಗೆದಿರಲಿಲ್ಲ. ಯಾಕೋ ತೆಗೆಯಲು ಮನಸ್ಸು ಬರಲಿಲ್ಲ ಅಂದರು. ಅವರಿಗೆ ನಾನು ಅದಕ್ಕೇ ಜಾಸ್ತಿ ಕೃತಜ್ಞಳು.

ಕ್ಯಾಸೆಟ್‌ಗಳ ವಿಷಯ. ಕಿಟಕಿಯ ಮೂಲಕ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಹಾಕಬೇಡಿ. ಹೆಡ್ಡೂ ಹಾಳು, ಮುಂದೆ ಹಾಕುವ ಒಳ್ಳೆಯ ಟೇಪಿಗೂ ಹರಡುತ್ತದೆ. ನಮ್ಮ 23ರಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿದಿದೆ. ಅವುಗಳನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಚೆನ್ನಾಗಿರುವುದನ್ನೂ ಮೊದಲು ಕೊನೆಯವರೆಗೆ ಮುಂದಕ್ಕೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ನೋಡಿ. ಸುರುಳಿ ಒಂದೇ ಬಿಗಿಗೆ ಬರುತ್ತದೆ. ಇಡುವಾಗ ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಸ್ಪೀಕರ್ ಹತ್ತಿರ ಇಡಬೇಡಿ, ಅಯಸ್ಕಾಂತ ಇದರ ಶತ್ರು. ಬರೆದದ್ದೇ ಕಾಂತಶಕ್ತಿಯಿಂದ, ಅಳಿಸುವುದೂ ಅದರಿಂದಲೇ.

ಕಂಪ್ಯೂಟರಿಗೆ ಇಳಿಸಿಕೊಳ್ಳುವುದಾದರೆ ತಡ ಮಾಡಬೇಡಿ. ಡೆಕ್ಕಿನ ಹಿಂಬದಿಯ ವಿಡಿಯೋ ಔಟ್, ಆಡಿಯೋ ಔಟ್‌ನಿಂದ ವೈರು ತಂದು, ಯುಎಸ್‌ಬಿಗೆ ಹಾಕುವ ಒಂದು ಕ್ಯಾಪ್ಚರ್ ಸಾಧನಕ್ಕೆ ಸೇರಿಸಿದರೆ ಆಯಿತು. ಇಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು. ಪೂರ್ತಿ ಓಡಬೇಕು, ಓಡುವಾಗ ಹತ್ತಿರ ಕೂತಿರಬೇಕು. ನಾನು ಹನ್ನೊಂದು ಟೇಪು ಇಳಿಸಿದ್ದೇನೆ. ಎಲ್ಲವನ್ನೂ ಅವ್ವನ ಜೊತೆ ಕೂತೇ. ಚಿತ್ರದ ಸ್ಪಷ್ಟತೆ ಈಗಿನ ಕಣ್ಣಿಗೆ ಕಡಿಮೆ ಅನ್ನಿಸುತ್ತದೆ. ಅಂಚುಗಳು ಮಸುಕು, ಕೆಂಪು ಬಣ್ಣ ಸ್ವಲ್ಪ ಗೆರೆ ದಾಟಿ ಹರಡುತ್ತದೆ. ದೊಡ್ಡ ಟಿವಿಯಲ್ಲಿ ನೋಡಬೇಡಿ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಸಿಕ್ಕಿದರೆ ಅದರಲ್ಲೇ ನೋಡಿ. ಚಿತ್ರ ತನ್ನ ಅಳತೆಯ ಮನೆಗೆ ಬಂದ ಹಾಗೆ ಇರುತ್ತದೆ.

ಬರೀ ಸಿನಿಮಾ, ಧಾರಾವಾಹಿ ನೋಡಲು ಈ ಡೆಕ್ ಬೇಕಿಲ್ಲ. ಅವೆಲ್ಲ ಇದಕ್ಕಿಂತ ಚೆನ್ನಾಗಿ ಬೇರೆ ಕಡೆ ಸಿಗುತ್ತವೆ. ಹೊಸದಾಗಿ ಹುಡುಕಿ ಕೊಳ್ಳಿ ಎಂದೂ ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ ಟೇಪುಗಳಿದ್ದರೆ ಮಾತ್ರ, ಎಷ್ಟೇ ಖರ್ಚಾದರೂ ಡೆಕ್ಕನ್ನು ಉಳಿಸಿಕೊಳ್ಳಿ. ಯಾಕೆಂದರೆ ಆ ಟೇಪಿನಲ್ಲಿ ಕಾರ್ಯಕ್ರಮ ಮಾತ್ರ ಇಲ್ಲ, ಗುಂಡಿ ಅಮುಕಿದವರ ಕೈಯೂ ಇದೆ. ಹಿಡಿಯುವುದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ ಕಡೆಯಲ್ಲೆಲ್ಲ ಚಿತ್ರ ಒಂದು ಗಳಿಗೆ ಹರಿದು, ಹಾರಿ, ಮತ್ತೆ ಕೂಡುತ್ತದೆ. ಟೇಪಿನ ಮೇಲಿನ ಹಳೆಯ ಗೆರೆಯೂ ಹೊಸ ಗೆರೆಯೂ ಅಲ್ಲಿ ಸರಿಯಾಗಿ ಸೇರುವುದಿಲ್ಲ. ಒಂದು ಟೇಪಿನಲ್ಲಿ ನಾನು ಅಂಥ 31 ಬೆಸುಗೆ ಎಣಿಸಿದೆ. ಆ 31 ಸಲವೂ ಅವ್ವ ಅಲ್ಲಿ ಬಗ್ಗಿ ಗುಂಡಿ ಅಮುಕಿದ್ದಾಳೆ.

ಹೋದ ಭಾನುವಾರ ಹಾಕಿದ್ದು ಒಂದು ಕನ್ನಡ ಸಿನಿಮಾದ ಟೇಪು. ಆಗ ರಾತ್ರಿ ಸಿನಿಮಾ ಬಂದರೆ ನಡುವೆ ವಾರ್ತೆ ಬರುತ್ತಿತ್ತು. ವಾರ್ತೆ ಶುರುವಾದ ಕೂಡಲೇ ಅವ್ವ ಡೆಕ್ ನಿಲ್ಲಿಸಿ, ಅಡುಗೆಮನೆಗೆ ಓಡಿ, ಎಸರಿಗೆ ಹಿಟ್ಟು ಹಾಕುತ್ತಿದ್ದಳು. ಮುದ್ದೆ ತಿರುವಿ ಕಟ್ಟಿ ಮುಗಿಸುವ ಹೊತ್ತಿಗೆ ವಾರ್ತೆ ಮುಗಿಯುತ್ತಿತ್ತು. ಕೈ ತೊಳೆಯುವಷ್ಟು ವ್ಯವಧಾನ ಇರುತ್ತಿರಲಿಲ್ಲ. ಬಂದು ಎರಡು ಕೆಂಪು ಅಮುಕುತ್ತಿದ್ದಳು.

ಈ ಟೇಪಿನಲ್ಲಿ ನಾಯಕಿ ಬಾಗಿಲು ತೆರೆಯುತ್ತಾಳೆ. ಚಿತ್ರ ಹರಿಯುತ್ತದೆ, ಹಾರುತ್ತದೆ. ಮತ್ತೆ ಕೂಡಿದಾಗ ಹಾಡೊಂದು ಅರ್ಧ ಆಗಿಹೋಗಿದೆ. ಎರಡನೇ ಚರಣದಿಂದ ಶುರು.

"ಇಲ್ಲಿ ಜಾಸ್ತಿ ಹೋಗಿದೆ ಅಲ್ವಾ ಅವ್ವ?" ಅಂದೆ.

ಅವ್ವ ಪರದೆ ನೋಡುತ್ತಲೇ ಇದ್ದಳು. ಅವಳಿಗೆ ಈಗ 79 ವರ್ಷ.

"ಅವತ್ತು ಮುದ್ದೆ ಗಂಟಾಗಿತ್ತು ಕಣವ್ವ. ನಿಮ್ಮಪ್ಪಂಗೆ ಗಂಟಾದ್ರೆ ಆಗ್ತಿರ್ನಿಲ್ಲ. ಮತ್ತೆ ತಿರುವ್ದೆ. ಅದ್ಕೇ ತಡ ಆಯ್ತು."

ನಾನು ಆ ಜಾಗವನ್ನು ದಾಟಿಸೋಣ ಎಂದು ಗುಂಡಿಯ ಮೇಲೆ ಬೆರಳಿಟ್ಟೆ. ಅವ್ವ ನನ್ನ ಕೈ ಹಿಡಿದಳು.

"ಮುಂದಕ್ ಓಡುಸ್ಬ್ಯಾಡ. ಹಂಗೇ ಬುಡು."